ಮುಚ್ಚಳದ ಮೇಲಿನ ರೆಕ್ಕೆ

ಗುರುವಾರ ಬೆಳಿಗ್ಗೆ ಎಲೆಯಕ್ಕ ಎಲೆಕೋಣೆಯ ಬಾಗಿಲು ತಳ್ಳಿದಾಗ ಗೂಡಿನವ ಆಗಲೇ ಬಂದು ನಿಂಬೆಹುಳಗಳ ತಟ್ಟೆಗಳ ಮುಂದೆ ಕೈಕಟ್ಟಿ ನಿಂತಿದ್ದ.

"ಅಕ್ಕಾ, ನಿಮ್ಮ ಮಕ್ಕಳು ಊಟ ಬಿಟ್ಟಿದಾವೆ."

"ಯಾವ ಮಕ್ಕಳು?"

"ನಿಂಬೆಯವು. ನಾಲ್ಕು ತಟ್ಟೆನೂ ಹಾಗೇ ಇದೆ. ಮುನಿಸಿಕೊಂಡ ನೆಂಟರ ಹಾಗೆ ಒಂದೊಂದು ಒಂದೊಂದು ಮೂಲೆ ಹಿಡಿದು ಕೂತಿದಾವೆ ನೋಡಿ."

ಅವನು ಯಾವುದನ್ನೂ ನಗೆಯಿಲ್ಲದೆ ಹೇಳುವವನಲ್ಲ. ಎಲೆಯಕ್ಕನೂ ನಗುತ್ತಲೇ ಹತ್ತಿರ ಹೋದಳು. ಹೋಗಿ ಬಗ್ಗಿ ನೋಡಿದ ಮೇಲೆ ನಗು ಬಾಯಲ್ಲೇ ಉಳಿಯಿತು. ಮಂಗಳವಾರ ಹೊಸದಾಗಿ ಕಲಸಿಟ್ಟಿದ್ದ ಹಿಟ್ಟಿನ ಬಿಲ್ಲೆಗಳು ಇಟ್ಟ ಹಾಗೇ ಇದ್ದವು. ಅಂಚಿನಲ್ಲಿ ಒಂದು ಹಲ್ಲಿನ ಗುರುತೂ ಇಲ್ಲ. ತಟ್ಟೆಯ ತಳದಲ್ಲಿ ಹಿಕ್ಕೆಯಿಲ್ಲ. ಚಿಕ್ಕ ಹುಳಗಳಲ್ಲಿ ನಾಲ್ಕೈದು ಸುಕ್ಕಿ ಕಪ್ಪು ದಾರದ ತುಂಡುಗಳಂತೆ ಬಿದ್ದಿದ್ದವು.

ಊರಾಚೆ, ಕಾಲುವೆಯ ಪಕ್ಕದಲ್ಲಿ, ಹಿಂದೆ ಹೂಗಿಡ ಬೆಳೆಸುತ್ತಿದ್ದ ದೊಡ್ಡ ಗಾಜಿನ ಮನೆಯೊಂದನ್ನು ಚಿಟ್ಟೆಮನೆ ಮಾಡಿ ಹನ್ನೆರಡು ವರ್ಷವಾಗಿತ್ತು. ನೋಡಲು ಬಂದವರು ಮುಂದಿನ ಬಾಗಿಲಿಂದ ಹೋಗಿ, ಹೆಗಲ ಮೇಲೆ ಚಿಟ್ಟೆ ಕೂರಿಸಿಕೊಂಡು ಫೋಟೊ ಹೊಡೆಸಿಕೊಂಡು ಹಿಂದಿನ ಬಾಗಿಲಿಂದ ಹೊರಟುಹೋಗುತ್ತಾರೆ. ಆ ಚಿಟ್ಟೆಗಳು ಎಲ್ಲಿ ಹುಟ್ಟಿದವು, ಏನು ತಿಂದವು ಎಂದು ಕೇಳುವವರು ಕಡಿಮೆ. ಗಾಜಿನ ಹಜಾರದ ಬೆನ್ನಿಗೇ ಎರಡು ಕೋಣೆಗಳಿದ್ದವು. ಗೂಡುಕೋಣೆಯಲ್ಲಿ ಹುಳಗಳು ಗೂಡಾದ ಮೇಲೆ ಅವನ್ನು ಸಾಲಾಗಿ ಕಡ್ಡಿಗೆ ನೇತುಹಾಕುವವನು ಗೂಡಿನವ. ಎಲೆಕೋಣೆ ಎಲೆಯಕ್ಕನದು. ಇಬ್ಬರಿಗೂ ಮನೆಯಲ್ಲಿ ಇಟ್ಟ ಹೆಸರು ಬೇರೆ ಇತ್ತಾದರೂ ಇಲ್ಲಿ ಯಾರೂ ಅದನ್ನು ಕರೆದದ್ದಿಲ್ಲ.

ಇಪ್ಪತ್ತಾರು ಜಾತಿಯ ಹುಳ, ಇಪ್ಪತ್ತಾರು ಬಗೆಯ ನಾಲಿಗೆ. ಬಾಳೆಯೆಲೆಯನ್ನು ಸುರುಳಿ ಸುತ್ತಿಕೊಂಡು ಒಳಗೇ ಕೂತು ತಿನ್ನುವುದೊಂದು. ಹುಲ್ಲಿನ ಗರಿಯ ಉದ್ದಕ್ಕೆ ಮಲಗಿ ತಾನೂ ಹುಲ್ಲೆಂದು ನಟಿಸುವುದೊಂದು. ರೆಕ್ಕೆ ಬಿಚ್ಚಿದರೆ ನೀಲಿ, ಮುಚ್ಚಿದರೆ ನಡುನರವೂ ತೊಟ್ಟೂ ಸಹಿತ ಪಕ್ಕಾ ಒಣಗಿದೆಲೆಯಾಗುವುದು ಇನ್ನೊಂದು. ಅದು ನೆಲದಲ್ಲಿ ಬಿದ್ದಿದ್ದರೆ ಕಸ ಗುಡಿಸುವವರು ವಾರಕ್ಕೊಂದನ್ನಾದರೂ ಗುಡಿಸಿ ಒಗೆದುಬಿಡುತ್ತಾರೆ. ಮಳೆಗಾಲದಲ್ಲಿ ರೆಕ್ಕೆಯ ತುಂಬ ಕಣ್ಣು ಬರೆದುಕೊಂಡು ಹುಟ್ಟುವ ಕಂದುಚಿಟ್ಟೆಗೆ ಬೇಸಿಗೆಯಲ್ಲಿ ಹುಟ್ಟುವ ಮಕ್ಕಳು ಒಂದು ಕಣ್ಣೂ ಇಲ್ಲದೆ, ತರಗೆಲೆಯ ಬಣ್ಣ ಬಳಿದುಕೊಂಡು ಬರುತ್ತವೆ. ಎಲ್ಲವೂ ತಂತಮ್ಮ ಜೀವ ಉಳಿಸಿಕೊಳ್ಳುವ ಉಪಾಯಗಳು. ಊಟದ ವಿಷಯಕ್ಕೆ ಬಂದರೆ ಮಾತ್ರ ಯಾವುದೂ ರಾಜಿಯಾಗುವುದಿಲ್ಲ. ತನ್ನ ಎಲೆ ಸಿಗದಿದ್ದರೆ ಪಕ್ಕದ ಎಲೆಯ ಮೇಲೆ ಕೂತು ಸಾಯುತ್ತದೆ, ಬಾಯಿ ಹಾಕುವುದಿಲ್ಲ.

ಚಿಗುರು ಕಡಿಮೆಯಾಗುವ ತಿಂಗಳುಗಳಿಗೆಂದು ಎಲೆಗಳನ್ನು ನೆರಳಲ್ಲಿ ಒಣಗಿಸಿ ಪುಡಿಮಾಡಿ ಜಾಡಿಗಳಲ್ಲಿ ತುಂಬಿಡುತ್ತಿದ್ದರು. ಕಾಳಿನ ಹಿಟ್ಟಿಗೆ ಕಡಲಪಾಚಿಯ ಅಂಟು ಹಾಕಿ ಕುದಿಸಿ, ಆಯಾ ಪುಡಿ ಬೆರೆಸಿ, ಆರಿದ ಮೇಲೆ ಬಿಲ್ಲೆ ಕತ್ತರಿಸುವುದು. ಪುಡಿಯಲ್ಲಿ ಎಲ್ಲವೂ ಒಂದೇ ಹಸಿರು, ಆದ್ದರಿಂದ ಜಾಡಿಗೆ ಗುರುತು ಬೇಕು. ಎಲೆ ಕೊಯ್ಯುವವರಲ್ಲಿ ಓದಲು ಬಾರದವರೇ ಹೆಚ್ಚು. ಅದಕ್ಕೇ ಎಲೆಯಕ್ಕ ಹಜಾರದಲ್ಲಿ ಸತ್ತುಬಿದ್ದ ಚಿಟ್ಟೆಗಳ ರೆಕ್ಕೆ ಆಯ್ದು ತಂದು, ಯಾವ ಚಿಟ್ಟೆಯ ಎಲೆಯೋ ಆ ಚಿಟ್ಟೆಯ ರೆಕ್ಕೆಯನ್ನು ಆ ಜಾಡಿಯ ಮುಚ್ಚಳಕ್ಕೆ ಮೇಣದಲ್ಲಿ ಅಂಟಿಸಿದ್ದಳು. ಚಿಟ್ಟೆಮನೆಯ ಯಜಮಾನಿಕೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಅಂದು ಬಂದು ನೋಡಿ ಒಂದು ಮಾತು ಹೇಳಿದ್ದರು.

"ಎಲ್ಲಾ ಸರಿ. ಈ ನಿಂಬೆಚಿಟ್ಟೆ, ಬಳ್ಳಿಚಿಟ್ಟೆ ಎರಡಕ್ಕೂ ಬರೀ ರೆಕ್ಕೆ ಸಾಲದು, ಎಲೆಯಕ್ಕ. ಮೈ ಸಮೇತ ಅಂಟಿಸಿ. ಮೈ ಕೆಂಪಿದ್ರೆ ಬಳ್ಳಿದು, ಕಪ್ಪಿದ್ರೆ ನಿಂಬೆದು. ರೆಕ್ಕೆ ನೋಡಿ ಹಕ್ಕಿಗಳೇ ಮೋಸಹೋಗ್ತವೆ."

"ಮೈ ಅಂಟಿಸಿದ್ರೆ ಇರುವೆ ಮುತ್ತುತ್ತೆ ಸಾರ್. ನನಗೆ ಮುಚ್ಚಳ ಯಾತಕ್ಕೆ? ಮೂಗಿಲ್ವಾ?"

ಮೇಷ್ಟ್ರು ನಕ್ಕು ಒಪ್ಪಿಕೊಂಡಿದ್ದರು. ಅವಳ ಮೂಗಿನ ಮಾತೆಂದರೆ ಅಲ್ಲಿ ಕೊನೆಯ ಮಾತು. ಎಲೆಗೆ ಬೂಷ್ಟು ಹಿಡಿಯುವ ಮೊದಲ ದಿನವೇ ಅವಳಿಗೆ ಗೊತ್ತಾಗುತ್ತಿತ್ತು. ಯಾವ ತೋಟದ ಎಲೆಗೆ ಔಷಧಿ ಹೊಡೆದಿದ್ದಾರೆ ಎಂದು ಹೊರೆ ಬಿಚ್ಚುವ ಮುಂಚೆಯೇ ಹೇಳುತ್ತಿದ್ದಳು. ಅವಳ ಮೂಗು ಒಂದು ಸಲ ಬೇಡವೆಂದ ಹೊರೆಯನ್ನು ಹೊಸದಾಗಿ ಸೇರಿದವನೊಬ್ಬ ಹಟಕ್ಕೆ ಹುಳಗಳಿಗೆ ಹಾಕಿ, ಒಂದೇ ಹಗಲಲ್ಲಿ ನಾಲ್ಕು ನೂರು ಹುಳ ಸತ್ತಿದ್ದವು.

ಎರಡು ತಿಂಗಳ ಹಿಂದೆ ಬಂದ ಜ್ವರ ಬಿಟ್ಟಿತು. ಹೋಗುವಾಗ ಅವಳ ಮೂಗಿನ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ಸೋಪಿಲ್ಲ, ಸಗಣಿಯಿಲ್ಲ, ಮಲ್ಲಿಗೆಯಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಕಾಯುತ್ತ ಅವಳು ಯಾರಿಗೂ ಹೇಳಲಿಲ್ಲ. ಹೊರೆ ಬಂದಾಗ ಮೊದಲಿನಂತೆಯೇ ಬಗ್ಗಿ ಮೂಸುತ್ತಿದ್ದಳು, ಮೂಸಿ ತಲೆಯಾಡಿಸುತ್ತಿದ್ದಳು. ಎಲೆಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ನಾಲಿಗೆಯ ತುದಿಗೆ ತಾಗಿಸಿ ಹೇಗೋ ದಿನ ತಳ್ಳುತ್ತಿದ್ದಳು. ಜಾಡಿಗಳ ವಿಷಯದಲ್ಲಿ ಮುಚ್ಚಳವನ್ನೇ ನಂಬಿದ್ದಳು.

ಈಗ ಅವಳು ಗೋಡೆಯ ಹಲಗೆಯತ್ತ ಹೋಗಿ ನಿಂಬೆಯ ಜಾಡಿ ತೆಗೆದಳು. ಮುಚ್ಚಳದ ಮೇಲೆ ಕಪ್ಪು ರೆಕ್ಕೆ, ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕಿಗಳು. ಅದರ ಪಕ್ಕದ್ದೇ ಬಳ್ಳಿಯ ಜಾಡಿ. ಅದರ ಮೇಲೂ ಕಪ್ಪು ರೆಕ್ಕೆ, ಬಿಳಿ ಮಚ್ಚೆ, ಕೆಂಪು ಚುಕ್ಕಿ. ಮಚ್ಚೆ ಸ್ವಲ್ಪ ಚಿಕ್ಕದಿದ್ದರೆ ನಿಂಬೆ, ದೊಡ್ಡದಿದ್ದರೆ ಬಳ್ಳಿ ಎಂದು ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಎರಡನ್ನೂ ಒಟ್ಟಿಗೆ ಹಿಡಿದು ನೋಡಿದಳು. ಇದು ಚಿಕ್ಕದೆಂದುಕೊಂಡರೆ ಅದೂ ಚಿಕ್ಕದೇ.

"ಏ, ಇಲ್ಲಿ ಬಾ," ಎಂದಳು ಗೂಡಿನವನಿಗೆ, ದನಿಯನ್ನು ಹಗುರ ಮಾಡಿಕೊಂಡು. "ಇದಕ್ಕೆ ಬೂಷ್ಟು ಹಿಡಿದಿದೆಯಾ ನೋಡು. ನನಗೆ ಸಣ್ಣ ನೆಗಡಿ."

ಅವನು ಮುಚ್ಚಳ ತೆಗೆದು ಮೂಗು ಇಟ್ಟವನು ತಟ್ಟನೆ ಹಿಂದೆ ಸರಿದ.

"ಥೂ! ಬೂಷ್ಟಲ್ಲ ಅಕ್ಕಾ, ಇದು ನಿಂಬೆನೇ ಅಲ್ಲ. ಕೊಳವೆಬಳ್ಳಿ." ಪಕ್ಕದ ಜಾಡಿಯನ್ನೂ ಮೂಸಿದ. "ಇದು ನೋಡಿ ನಿಂಬೆ. ಮುಚ್ಚಳ ಅದಲು ಬದಲಾಗಿದೆ. ಹುಳಗಳು ಯಾಕೆ ತಿಂತವೆ? ನಾನಾಗಿದ್ರೂ ತಿಂತಿರಲಿಲ್ಲ."

ಎಲೆಯಕ್ಕನಿಗೆ ಅವನ ಮುಂದಿನ ಮಾತು ಕೇಳಿಸಲಿಲ್ಲ. ಅವಳ ಕಣ್ಣ ಮುಂದೆ ಬಂದದ್ದು ಒಂದು ಕಾಗದದ ಪೊಟ್ಟಣ. ಸೋಮವಾರ ಸಂಜೆ ಮನೆಗೆ ಹೊರಡುವಾಗ ಇದೇ ಹಲಗೆಯ ಮುಂದೆ ನಿಂತು, ನಿಂಬೆಯ ಮುಚ್ಚಳ ತೆಗೆದು, ಆರು ಚಮಚ ಪುಡಿಯನ್ನು ಆ ಪೊಟ್ಟಣಕ್ಕೆ ಸುರಿದು ಮಡಿಸಿದ್ದಳು. ಮನೆಯಲ್ಲಿ ಅತ್ತೆಗೆ ಹದಿನೈದು ದಿನದಿಂದ ಕೆಮ್ಮು. ನಿಂಬೆಯೆಲೆ ಕುದಿಸಿದ ನೀರು ಕುಡಿದರೆ ಎದೆ ಸಡಿಲವಾಗುತ್ತದೆಂದು ಅತ್ತೆಯೇ ಕೇಳಿದ್ದರು. ಅಂದು ಸಂಜೆಯೇ ಒಂದು ಲೋಟ, ಮಾರನೆಯ ದಿನದಿಂದ ದಿನಾ ನಾಲ್ಕಕ್ಕೆ ಒಂದು.

ಮೊದಲ ಗುಟುಕಿಗೇ ಅತ್ತೆ ಮುಖ ಕಿವುಚಿ ಅಂದಿದ್ದರು: "ಏನೇ, ವಿಷಗಿಷ ಹಾಕಿದೀಯಾ ಹೇಗೆ? ಇಷ್ಟು ಕಹಿ!"

"ಹಾಕೋದಾದ್ರೆ ಮದುವೆಯಾದ ವರ್ಷವೇ ಹಾಕ್ತಿದ್ದೆ, ಇಷ್ಟು ವರ್ಷ ಕಾಯ್ತಿದ್ನಾ?" ಎಂದು ಅವಳೂ ತಿರುಗಿ ಹೇಳಿದ್ದಳು. ಇಬ್ಬರೂ ನಕ್ಕಿದ್ದರು. ಹಿತ್ತಲ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ ಕೂಡ ಕೇಳಿಸಿಕೊಂಡು ನಕ್ಕಿದ್ದಳು.

ಕೊಳವೆಬಳ್ಳಿಯ ವಿಷಯ ಮೇಷ್ಟ್ರು ಕೆಲಸಕ್ಕೆ ಸೇರಿದ ದಿನವೇ ಎಲ್ಲರಿಗೂ ಹೇಳುತ್ತಾರೆ. ಬಳ್ಳಿಹುಳ ಆ ವಿಷವನ್ನು ತಿಂದು ಅರಗಿಸಿಕೊಂಡು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದರ ಮೈ ವಿಷವೇ. ಒಂದು ಸಲ ಕಚ್ಚಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ನಿಂಬೆಚಿಟ್ಟೆಯ ಮೈಯಲ್ಲಿ ಯಾವ ವಿಷವೂ ಇಲ್ಲ, ಅದರ ಹೆಣ್ಣು ಬಳ್ಳಿಚಿಟ್ಟೆಯ ಅಂಗಿ ತೊಟ್ಟುಕೊಂಡು ಬದುಕುತ್ತದೆ. ಮನುಷ್ಯ ಆ ಬಳ್ಳಿ ತಿಂದರೆ ತಕ್ಷಣ ಏನೂ ಆಗುವುದಿಲ್ಲ. "ಅದೇ ಅಪಾಯ," ಎನ್ನುತ್ತಿದ್ದರು ಮೇಷ್ಟ್ರು. "ವಾಂತಿಯಾದ್ರೆ ಗೊತ್ತಾಗುತ್ತೆ. ಇದು ಸದ್ದಿಲ್ಲದೆ ಮೂತ್ರಪಿಂಡನ ಒಣಗಿಸ್ತದೆ. ಗೊತ್ತಾಗೋ ಹೊತ್ತಿಗೆ ಕೈಮೀರಿರುತ್ತೆ."

ಎಲೆಯಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಮುಚ್ಚಳಗಳು ಯಾವಾಗ ಅದಲು ಬದಲಾದವು? ಅದು ಅವಳಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಜಾಡಿಗಳನ್ನೆಲ್ಲ ಇಳಿಸಿ ಒರೆಸುವುದು ಅವಳ ಪದ್ಧತಿ. ಒದ್ದೆ ಬಟ್ಟೆಯಲ್ಲಿ ಮುಚ್ಚಳಗಳನ್ನು ಒರೆಸಿ, ಸಾಲಾಗಿ ಆರಲಿಟ್ಟು, ತಿರುಗಿ ಹಾಕುವಾಗ ಹಿಂದೆಲ್ಲ ಒಂದೊಂದನ್ನೂ ಮೂಸಿ ಹಾಕುತ್ತಿದ್ದಳು. ಜ್ವರ ಬಂದ ಮೇಲೆ ಹೋದ ತಿಂಗಳೂ ಈ ತಿಂಗಳೂ ಕಣ್ಣಲ್ಲಿ ನೋಡಿ ಹಾಕಿದ್ದಳು. ಆದರೆ ಆ ಕೆಲಸ ಮಾಡಿದ್ದು ಎಂದು? ಸೋಮವಾರ ಮಧ್ಯಾಹ್ನವೋ, ಮಂಗಳವಾರ ಬೆಳಿಗ್ಗೆಯೋ? ಸೋಮವಾರ ಹಜಾರದ ನೀರಿನ ಪೈಪು ಒಡೆದು ಎಲ್ಲರೂ ಬಕೆಟ್ಟು ಹಿಡಿದು ಓಡಾಡಿದ್ದರು. ಒರೆಸುವುದನ್ನು ಅದಕ್ಕೆ ಮುಂಚೆ ಮುಗಿಸಿದ್ದಳೋ, ಅರ್ಧಕ್ಕೆ ಬಿಟ್ಟು ಮಾರನೆಯ ದಿನ ಮಾಡಿದಳೋ? ಎಷ್ಟು ಕೆದಕಿದರೂ ಕೈಯಲ್ಲಿ ಒದ್ದೆ ಬಟ್ಟೆಯಿದ್ದದ್ದು ನೆನಪಾಗುತ್ತಿತ್ತು, ದಿನ ನೆನಪಾಗುತ್ತಿರಲಿಲ್ಲ.

ಮಂಗಳವಾರ ಒರೆಸಿದ್ದರೆ ಅತ್ತೆ ಕುಡಿದದ್ದು ನಿಂಬೆ. ಸೋಮವಾರ ಒರೆಸಿದ್ದರೆ—

ಅವಳು ಫೋನ್ ತೆಗೆದು ಮನೆಗೆ ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಅತ್ತೆಗೆ ಕಿವಿ ಅಷ್ಟಕ್ಕಷ್ಟೇ. ಫೋನನ್ನು ದಿಂಬಿನಡಿ ಇಟ್ಟು ತಾವು ಹಿತ್ತಲಲ್ಲಿ ಕೋಳಿಗಳ ಜೊತೆ ಮಾತಾಡಿಕೊಂಡಿರುತ್ತಾರೆ. ಗಂಡ ಲಾರಿಯ ಜೊತೆ ಹೋಗಿ ನಾಲ್ಕು ದಿನ, ಬರುವುದು ಭಾನುವಾರ. ಪಕ್ಕದ ಮನೆಯಾಕೆಯ ನಂಬರಿತ್ತು. ಬೆರಳು ಅಲ್ಲಿಯವರೆಗೆ ಹೋಯಿತು. ಏನೆಂದು ಹೇಳುವುದು? ನಮ್ಮತ್ತೆ ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಿ, ಅದರಲ್ಲಿ ವಿಷ ಇರಬಹುದು ಎಂದೇ? ಬೇಲಿಯಾಚೆಯ ಆ ನಗು ನೆನಪಾಗಿ ಬೆರಳು ಹಿಂದೆ ಬಂತು.

ಅತ್ತೆ ನೀರು ಕುಡಿಯುವುದು ಗಡಿಯಾರ ಇಟ್ಟ ಹಾಗೆ ನಾಲ್ಕು ಗಂಟೆಗೆ. ಈಗ ಒಂಬತ್ತು. ಅವಳ ಊರಿಗೆ ಬೆಳಗಿನ ಬಸ್ಸು ಅವಳನ್ನು ಇಳಿಸಿ ಹೋಗಿಯಾಗಿತ್ತು, ಇನ್ನೊಂದು ಎರಡೂವರೆಗೆ. ಕಿಟಕಿಯಾಚೆ ಬೇಲಿಯ ಪಕ್ಕದಲ್ಲಿ ಮೇಷ್ಟ್ರ ಕಾರು ನಿಂತಿತ್ತು. ಒಂದು ಮಾತು ಕೇಳಿದರೆ ಅರ್ಧ ಗಂಟೆಯಲ್ಲಿ ಮನೆ. ಆ ಒಂದು ಮಾತಿನ ಹಿಂದೆ ಎರಡನೆಯ ಮಾತು ಬರುತ್ತಿತ್ತು: ನೀವು ಮೂಸಿ ನೋಡಲಿಲ್ಲವೇ? ಮೂಗಿಲ್ಲದ ಎಲೆಯಕ್ಕನಿಗೆ ಎಲೆಕೋಣೆಯಲ್ಲಿ ಏನು ಕೆಲಸ? ಅವಳು ಕಾರನ್ನೇ ನೋಡುತ್ತ ನಿಂತಳು. ಕೇಳಲಿಲ್ಲ.

ಗೂಡಿನವ ಅಷ್ಟರಲ್ಲಿ ಸರಿಯಾದ ಜಾಡಿಯಿಂದ ಹಿಟ್ಟು ಕಲಸಿ ತಂದಿದ್ದ. ಇನ್ನೂ ಬೆಚ್ಚಗಿದ್ದ ಬಿಲ್ಲೆಯನ್ನು ತಟ್ಟೆಗೆ ಇಟ್ಟದ್ದೇ, ದೊಡ್ಡ ಹಸಿರು ಹುಳವೊಂದು ತಲೆಯೆತ್ತಿತು. ಅತ್ತಿತ್ತ ತೂಗಿತು. ಹತ್ತಿ ಬಂದು ಬಾಯಿಟ್ಟು, ಮೇಲಿಂದ ಕೆಳಕ್ಕೆ ಕಮಾನಿನ ಹಾಗೆ ಕತ್ತರಿಸತೊಡಗಿತು. ಅದರ ಹಿಂದೆ ಇನ್ನೊಂದು. ಒಂದು ಟೀ ಕುಡಿಯುವಷ್ಟರಲ್ಲಿ ಮೂರು ತಟ್ಟೆಯಲ್ಲೂ ಸಣ್ಣಗೆ ಮಳೆ ಹನಿದಂತೆ ಸದ್ದು.

"ನೋಡಿ, ಎಂಥಾ ಪರೀಕ್ಷಕರು," ಎಂದ ಗೂಡಿನವ. "ಸರ್ಕಾರ ಇವಕ್ಕೆ ಸಂಬಳ ಕೊಟ್ಟು ಇಟ್ಕೋಬೇಕು."

ಎಲೆಯಕ್ಕ ಆ ಸದ್ದನ್ನು ಕೇಳುತ್ತ ನಿಂತಿದ್ದಳು. ನಾಲ್ಕನೆಯ ತಟ್ಟೆಗೆ ಅವನು ಇನ್ನೂ ಬಿಲ್ಲೆ ಹಾಕಿರಲಿಲ್ಲ. ಅದರಲ್ಲಿ ಎರಡು ಹಸಿರು ಹುಳ ತಲೆ ತೂಗುತ್ತ ಹಸಿದಿದ್ದವು.

"ಅದು ನಾನು ನೋಡ್ಕೋತೀನಿ, ಬಿಡು," ಎಂದಳು.

ಚಿಟ್ಟೆಮನೆಯಿಂದ ಒಂದು ಮೊಟ್ಟೆಯೂ ಹೊರಗೆ ಹೋಗಬಾರದು, ಅದು ನಿಯಮ. ಹೊರಗಿನ ಬಾಗಿಲಿಗೂ ಒಳಗಿನ ಬಾಗಿಲಿಗೂ ನಡುವೆ ಆಳೆತ್ತರದ ಕನ್ನಡಿಯಿತ್ತು. ಹೊರಡುವವರು ಅದರ ಮುಂದೆ ನಿಂತು, ಬೆನ್ನು ತಿರುಗಿಸಿ, ಕೊರಳಪಟ್ಟಿ ಕೊಡವಿ, ಮೈಮೇಲೆ ಏನೂ ಕೂತಿಲ್ಲವೆಂದು ನೋಡಿಕೊಂಡೇ ಹೋಗಬೇಕು. ಎರಡು ಗಂಟೆಗೆ ಎಲೆಯಕ್ಕ ಆ ಕನ್ನಡಿಯ ಮುಂದೆ ನಿಂತಳು. ಊಟದ ಡಬ್ಬಿಯಲ್ಲಿ ಪುಡಿ ಬೆರೆಸದ ಬರೀ ಹಿಟ್ಟಿನ ಮುದ್ದೆಯೊಂದು. ಅಂಗಿಯ ಒಳಜೇಬಿನಲ್ಲಿ ತೂತು ಕೊರೆದ ತಗಡಿನ ಪುಟ್ಟ ಡಬ್ಬಿ, ಅದರಲ್ಲಿ ಎರಡು ಹುಳ. ಕನ್ನಡಿಯಲ್ಲಿ ಕಂಡ ಮುಖ ಅವಳಿಗೇ ಗುರುತು ಸಿಗದಷ್ಟು ಬೆಳ್ಳಗಾಗಿತ್ತು.

"ಎಲೆಯಕ್ಕ," ಎಂದು ಹಿಂದಿನಿಂದ ಮೇಷ್ಟ್ರ ದನಿ ಬಂತು.

"ರಜ ಕೇಳಿದ್ರಂತೆ?"

"ಅತ್ತೆಗೆ ಹುಷಾರಿಲ್ಲ ಸಾರ್."

"ಹೋಗಿ ಬನ್ನಿ. ನಿಂಬೆಹುಳದ ಕತೆ ಗೂಡಿನವ ಹೇಳಿದ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯುವ ದನಿಯಿರಲಿಲ್ಲ, ಅರ್ಥವಾಗದ ಲೆಕ್ಕವೊಂದನ್ನು ಬಿಡಿಸುವವರಂತಿದ್ದರು. "ಅದೇ ಯೋಚನೆ ಮಾಡ್ತಿದ್ದೆ. ಮುಚ್ಚಳ ಬದಲಾಗೋದು ದೊಡ್ಡದಲ್ಲ. ಆದ್ರೆ ನಿಮ್ಮ ಮೂಗನ್ನ ದಾಟಿ ಆ ಪುಡಿ ಹಿಟ್ಟಿಗೆ ಹೇಗೆ ಹೋಯ್ತು?"

ಜೇಬಿನೊಳಗೆ ತಗಡಿನ ಮೇಲೆ ಹುಳ ತೆವಳಿದ್ದು ಎದೆಗೆ ತಿಳಿಯುತ್ತಿತ್ತು. ಅದು ಹುಳವೋ, ತನ್ನ ಎದೆಯೇ ಹಾಗೆ ಬಡಿದುಕೊಳ್ಳುತ್ತಿದೆಯೋ?

"ನೆಗಡಿ ಸಾರ್," ಎಂದಳು.

"ಹೂಂ," ಎಂದರು ಮೇಷ್ಟ್ರು. ದಾರಿ ಬಿಟ್ಟರು.

ಬಸ್ಸು ಹೊರಟದ್ದೇ ಇಪ್ಪತ್ತು ನಿಮಿಷ ತಡವಾಗಿ. ಕಿಟಕಿಯ ಪಕ್ಕ ಕೂತ ಎಲೆಯಕ್ಕ ಪ್ರತಿ ನಿಲ್ದಾಣದಲ್ಲೂ ಹತ್ತುವವರನ್ನು, ಇಳಿಯುವವರನ್ನು, ಇಳಿದ ಮೇಲೆ ಚೀಲ ಮರೆತೆನೆಂದು ತಿರುಗಿ ಬರುವವರನ್ನು ನೋಡುತ್ತ ಹಲ್ಲು ಕಚ್ಚಿಕೊಂಡಿದ್ದಳು. ಬುಧವಾರ ರಾತ್ರಿ ಅತ್ತೆ ಸೊಂಟನೋವು ಅಂದಿದ್ದರಲ್ಲವೇ? ಅವರು ಸೊಂಟನೋವು ಅನ್ನದ ದಿನ ಯಾವುದಿತ್ತು? ಬೆಳಿಗ್ಗೆ ಮುಖ ಊದಿಕೊಂಡಂತಿತ್ತೇ? ಅವರ ಮುಖವನ್ನು ಬೆಳಿಗ್ಗೆ ತಾನು ಸರಿಯಾಗಿ ನೋಡಿಯೇ ಇರಲಿಲ್ಲ. ಬಸ್ಸಿನ ಹೊರಗೆ ಗದ್ದೆಬದು, ಕೆರೆ, ಇಟ್ಟಿಗೆಗೂಡು ಎಲ್ಲ ನಿಧಾನವಾಗಿ ಹಿಂದೆ ಹೋಗುತ್ತಿದ್ದವು. ಬೆಳಿಗ್ಗೆಯೇ ಕಾರು ಕೇಳಬಹುದಿತ್ತು. ಕೆಲಸ ಹೋದರೆ ಏನಾದೀತೆಂದು ಯೋಚಿಸುತ್ತ ಇಡೀ ಬೆಳಗನ್ನು ಕಳೆದೆನಲ್ಲ ಎಂಬುದು ನೆನಪಾದಾಗ ಹೆದರಿಕೆಯ ಜೊತೆಗೆ ನಾಚಿಕೆಯೂ ಬಂದು ಸೇರಿತು.

ಇಳಿದಾಗ ನಾಲ್ಕಕ್ಕೆ ಎಂಟು ನಿಮಿಷ. ನಿಲ್ದಾಣದಿಂದ ಮನೆ ಹದಿನೈದು ನಿಮಿಷದ ನಡಿಗೆ. ಅವಳು ಓಡಿದಳು. ನಲವತ್ತೆಂಟರ ಹೆಂಗಸು ಊಟದ ಡಬ್ಬಿ ಎದೆಗವಚಿಕೊಂಡು ಓಡುವುದನ್ನು ಅಂಗಡಿಕಟ್ಟೆಯವರು ಎದ್ದು ನಿಂತು ನೋಡಿದರು.

ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಕೈಯಲ್ಲಿ ಲೋಟ. ಲೋಟದಲ್ಲಿ ಅರ್ಧ.

"ಅತ್ತೇ, ಕುಡೀಬೇಡಿ! ಇಡಿ ಕೆಳಗೆ!"

"ಯಾಕೇ, ಇನ್ನೂ ಅರ್ಧ ಇದೆ," ಎಂದರು ಅತ್ತೆ, ಗಾಬರಿಯಾಗಿ. ಲೋಟವನ್ನಂತೂ ಇಟ್ಟರು. "ಏನಾಯ್ತು? ಅವನಿಗೇನಾದ್ರೂ ಆಯ್ತಾ? ಲಾರಿ—"

"ಅವರಿಗೇನಿಲ್ಲ. ಪುಡಿ ಎಲ್ಲಿ?"

ಪುಡಿಯ ಪೊಟ್ಟಣ ಅತ್ತೆಯ ಔಷಧಿ ಡಬ್ಬಿಯಲ್ಲಿತ್ತು. ಅದೇ ಡಬ್ಬಿಯಲ್ಲಿ ಮುಚ್ಚಳ ಸಡಿಲವಾದ ಮುಲಾಮಿನ ಶೀಷೆ. ಕಾಗದವೆಲ್ಲ ಮುಲಾಮಿನ ಎಣ್ಣೆ ಹೀರಿಕೊಂಡು ಹೊಳೆಯುತ್ತಿತ್ತು.

"ಇದರ ವಾಸನೆ ಹೇಗಿದೆ ಅತ್ತೆ? ನಿಂಬೆ ವಾಸನೆ ಬರುತ್ತಾ?"

"ನನಗೆ ಹದಿನೈದು ದಿನದಿಂದ ಲೋಕವೆಲ್ಲ ಮುಲಾಮಿನ ವಾಸನೆ. ನೀನೇ ಮೂಸು."

ಎಲೆಯಕ್ಕ ಕುರ್ಚಿಯ ಮೇಲೆ ಕುಸಿದು ಕೂತಳು. ಪೊಟ್ಟಣವನ್ನು ಮೂಗಿಗೆ ಹಿಡಿದಳು, ಅಭ್ಯಾಸಬಲ. ಏನೂ ಇಲ್ಲ. ಗಾಳಿ ಮಾತ್ರ.

"ನನಗೆ ಬರಲ್ಲ ಅತ್ತೆ," ಎಂದಳು. "ಜ್ವರ ಬಂದಾಗಿನಿಂದ ಏನೂ ವಾಸನೆ ಬರಲ್ಲ."

"ಗೊತ್ತು."

"ಗೊತ್ತಾ?"

"ಹಾಲು ಸೀದು ಮನೆತುಂಬ ಹೊಗೆಯಾದಾಗ ನೀನು ಒಲೆಗೆ ಬೆನ್ನು ಹಾಕಿ ಹಾಡು ಹೇಳ್ಕೊಂಡು ಪಾತ್ರೆ ತೊಳೀತಿದ್ದೆ. ಅವತ್ತೇ ಗೊತ್ತಾಯ್ತು. ನೀನು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಚಲಿ ಅಂತ ಸುಮ್ಮನಿದ್ದೆ."

ಆಗ ಎಲೆಯಕ್ಕ ಎಲ್ಲವನ್ನೂ ಹೇಳಿದಳು. ಮುಚ್ಚಳ, ರೆಕ್ಕೆ, ಒದ್ದೆ ಬಟ್ಟೆ, ಸೋಮವಾರ, ಮಂಗಳವಾರ. ಮೂತ್ರಪಿಂಡದ ಮಾತನ್ನೂ ಬಿಡಲಿಲ್ಲ. ಅತ್ತೆ ಲೋಟವನ್ನು ಬೆರಳ ತುದಿಯಿಂದ ಮೆಲ್ಲಗೆ ದೂರ ತಳ್ಳಿದರು. ಎಲೆಯಕ್ಕ ಜೇಬಿನಿಂದ ತಗಡಿನ ಡಬ್ಬಿ ತೆಗೆದಳು.

"ಇದೇನು?"

"ನಿಂಬೆಹುಳ. ನಿಂಬೆಯಲ್ಲದೆ ಬೇರೆ ಮುಟ್ಟಲ್ಲ. ಇದು ತಿಂದ್ರೆ..."

ಮುಲಾಮಿನ ಘಾಟು ಹಾರಿಹೋಗಲೆಂದು ಪುಡಿಯನ್ನು ಚೂರು ನೀರಲ್ಲಿ ಚೆನ್ನಾಗಿ ಕುದಿಸಿದಳು. ತಂದಿದ್ದ ಹಿಟ್ಟಿಗೆ ಅದನ್ನು ಹಾಕಿ ನಾದಿದಳು. ಎಲೆಕೋಣೆಯ ಬಿಲ್ಲೆಯಂತಲ್ಲದಿದ್ದರೂ ಒಂದು ಬಿಲ್ಲೆ ತಟ್ಟಿ, ಆರಿಸಿ, ಬಿಳಿಯ ಬಸಿಯಲ್ಲಿಟ್ಟು, ಮೊದಲ ಹುಳವನ್ನು ಅದರ ಮೇಲೆ ಬಿಟ್ಟಳು.

ಮುಟ್ಟಿದ ಸಿಟ್ಟಿಗೆ ಹುಳ ಬೆನ್ನು ಬಾಗಿಸಿ, ನೆತ್ತಿಯಿಂದ ಕೆಂಪು ಕವಲುಕೊಂಬನ್ನು ಹೊರಚಾಚಿತು. ಹತ್ತಿರ ಬಂದ ಹಕ್ಕಿ ಆ ನಾತಕ್ಕೇ ಓಡಬೇಕು. ಅದರ ಗ್ರಹಚಾರ, ಆ ಅಡುಗೆಮನೆಯಲ್ಲಿ ಕೂತಿದ್ದ ಎರಡು ಮೂಗಿನಲ್ಲಿ ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ಅತ್ತೆ ಇನ್ನಷ್ಟು ಬಗ್ಗಿ ನೋಡಿದರು. ಕೊಂಬು ಒಳಗೆ ಹೋಯಿತು. ಹುಳ ತಲೆ ತಗ್ಗಿಸಿ ಬಿಲ್ಲೆಯನ್ನು ಮುಟ್ಟಿತು. ಮುಟ್ಟಿ, ತಲೆಯೆತ್ತಿ, ಹೊರಳಿ, ಬಸಿಯ ಅಂಚು ದಾಟಿ ಮೇಜಿಗಿಳಿಯಿತು.

ಎಲೆಯಕ್ಕ ಎತ್ತಿ ಮತ್ತೆ ಬಿಟ್ಟಳು. ಮತ್ತೆ ಇಳಿಯಿತು. ಮೂರನೆಯ ಸಲ ಬಿಟ್ಟಾಗ ನಿಲ್ಲಲೇ ಇಲ್ಲ. ಬಿಲ್ಲೆಯನ್ನು ದಾಟಿ, ಮೇಜು ದಾಟಿ, ಗೋಡೆ ಹಿಡಿದು ಕಿಟಕಿಯತ್ತ ಹೊರಟಿತು.

"ಇದಕ್ಕೂ ನಿನ್ನ ಕೈರುಚಿ ಹಿಡಿಸಲಿಲ್ಲ," ಎಂದರು ಅತ್ತೆ. ದನಿ ಮಾತ್ರ ತಮಾಷೆಯದಾಗಿರಲಿಲ್ಲ.

ಎಲೆಯಕ್ಕನ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಡಾಕ್ಟರ ಹತ್ತಿರ ಹೋಗಬೇಕು. ಈಗಲೇ. ಆಸ್ಪತ್ರೆ ಯಾವ ಊರಲ್ಲಿ? ಯಾವ ಬಸ್ಸು? ಏನು ಕೊಟ್ಟೆ ಎಂದು ಕೇಳಿದರೆ ಏನು ಹೇಳುವುದು? ಗಂಡ ಭಾನುವಾರ ಬಂದು ಹೊಸ್ತಿಲಲ್ಲಿ ನಿಂತು ಏನು ಕೇಳುವನು? ಅವಳು ಎದ್ದು ನಿಂತಳು. ಅತ್ತೆ ಅವಳ ಮುಂಗೈ ಹಿಡಿದು ಕೂರಿಸಿದರು.

"ಇನ್ನೊಂದು ಇದೆಯಲ್ಲ. ಅದನ್ನ ಬಿಡು."

ಎರಡನೆಯದನ್ನು ಬಿಟ್ಟಳು. ಇದು ಸ್ವಲ್ಪ ಚಿಕ್ಕದು. ಬಿಲ್ಲೆಯ ಮೇಲೆ ಬಿದ್ದದ್ದೇ ಕಲ್ಲಿನಂತೆ ಕೂತುಬಿಟ್ಟಿತು. ಹೆಗಲಿನ ಮೇಲಿನ ಎರಡು ಹುಸಿಗಣ್ಣುಗಳು ಇಬ್ಬರನ್ನೂ ದಿಟ್ಟಿಸುತ್ತಿದ್ದವು. ಹಿತ್ತಲಲ್ಲಿ ಕೋಳಿಯೊಂದು ಕೂಗಿತು. ಗೋಡೆಯ ಗಡಿಯಾರ ಓಡುತ್ತಿತ್ತು. ಅತ್ತೆಗೆ ಕೆಮ್ಮು ಬಂತು. ಹುಳಕ್ಕೆ ಗಾಳಿ ತಾಗೀತೆಂದು ಬಾಯಿಗೆ ಕೈ ಅಡ್ಡ ಹಿಡಿದು, ಮುಖ ಆಚೆ ತಿರುಗಿಸಿ ಕೆಮ್ಮಿದರು. ಎಲೆಯಕ್ಕ ಅವರ ಇನ್ನೊಂದು ಕೈಯನ್ನು ಬಿಟ್ಟಿರಲಿಲ್ಲ. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ, ಆ ಕೈಯನ್ನು ಇಷ್ಟು ಹೊತ್ತು ಹಿಡಿದಿದ್ದು ಇದೇ ಮೊದಲೇನೋ. ಅದು ತಣ್ಣಗಿತ್ತು.

ಹುಳ ತಲೆಯೆತ್ತಿತು. ಎಡಕ್ಕೆ ತೂಗಿತು. ಬಲಕ್ಕೆ ತೂಗಿತು. ಬಿಲ್ಲೆಯ ಅಂಚಿಗೆ ಬಂದು ಮುಂಗಾಲಿನಿಂದ ತಬ್ಬಿ ಹಿಡಿದು ಬಾಯಿಟ್ಟಿತು. ಹಾಗೇ ನಿಂತಿತು.

ತಲೆ ಮೇಲಿಂದ ಕೆಳಕ್ಕೆ ಇಳಿಯಿತು. ಮತ್ತೆ ಮೇಲೆ ಹೋಗಿ, ಮತ್ತೆ ಕೆಳಕ್ಕೆ. ಬಿಲ್ಲೆಯ ಅಂಚಿನಲ್ಲಿ ಉಗುರು ಕತ್ತರಿಸಿದಷ್ಟು ಒಂದು ಪುಟ್ಟ ಕಮಾನು ಮೂಡಿತು.

"ತಿಂತಿದೆ," ಎಂದರು ಅತ್ತೆ ಪಿಸುಮಾತಿನಲ್ಲಿ. "ತಿಂತಿದೆ ಕಣೇ!"

ಕಮಾನು ದೊಡ್ಡದಾಗುತ್ತ ಬಿಲ್ಲೆಯ ನಡುವಿನವರೆಗೆ ಬರುವ ತನಕ ಎಲೆಯಕ್ಕ ನೋಡುತ್ತಲೇ ಇದ್ದಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೆಂದುಕೊಂಡು ಅತ್ತೆ ಬೆನ್ನು ಸವರಿದರು. ಅವಳು ಅಳುತ್ತಿರಲಿಲ್ಲ. ಮಂಗಳವಾರ, ಮಂಗಳವಾರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ.

"ಮತ್ತೆ ಅದ್ಯಾಕೆ ತಿನ್ನಲಿಲ್ಲ?" ಎಂದು ಅತ್ತೆ ಕಿಟಕಿಯ ಕಡೆ ಕೈ ತೋರಿಸಿದರು. ಎಲೆಯಕ್ಕ ಎದ್ದು ಹೋಗಿ ನೋಡಿದಳು. ದೊಡ್ಡ ಹುಳ ಕಿಟಕಿಯ ಮರದ ಚೌಕಟ್ಟಿನ ಮೇಲೆ ತಲೆ ಮೇಲಾಗಿ ಕೂತು, ಮೈಯನ್ನು ಗಿಡ್ಡ ಮಾಡಿಕೊಂಡು, ಬಾಯಿಂದ ನೂಲು ತೆಗೆದು ತನ್ನನ್ನು ತಾನೇ ಮರಕ್ಕೆ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆ ಊಟದ ಕಾಲ ಮುಗಿದಿತ್ತು, ಗೂಡಾಗುವ ಕಾಲ ಬಂದಿತ್ತು. ಹನ್ನೊಂದು ವರ್ಷ ದಿನಾ ನೋಡಿದ ಸಂಗತಿ. ಹೆದರಿದ ಕಣ್ಣಿಗೆ ಹೊಳೆದಿರಲಿಲ್ಲ.

"ಹಸಿರೆಲೆ ಮೇಲೆ ಕಟ್ಟಿಕೊಂಡ್ರೆ ಗೂಡು ಹಸಿರಾಗುತ್ತೆ," ಎಂದಳು, ದನಿ ಇನ್ನೂ ನೆಟ್ಟಗಾಗದೆ. "ಈ ಮರಕ್ಕೆ ಕಟ್ಟಿಕೊಂಡ್ರೆ ಮರದ ಬಣ್ಣವೇ ಬರುತ್ತೆ. ಯಾರಿಗೂ ಕಾಣಬಾರದು ಅಂತ."

"ನಿನ್ನ ಹಾಗೆ," ಎಂದರು ಅತ್ತೆ. "ಎರಡು ತಿಂಗಳು ಊಸರವಳ್ಳಿ ಆಗಿದ್ದೆಯಲ್ಲ. ನಾಳೆ ಹೋಗಿ ಮೇಷ್ಟ್ರಿಗೆ ಹೇಳು."

"ಕೆಲಸ ತೆಗೆದ್ರೆ?"

"ತೆಗೆದ್ರೆ ಮನೇಲಿರ್ತೀಯ, ನಾನು ಮೂಸಿ ಹೇಳ್ತೀನಿ, ನೀನು ಅಡುಗೆ ಮಾಡು. ಇಲ್ಲೇ ಇಷ್ಟಾಯ್ತು. ಅಲ್ಲಿ ಇನ್ನೇನು ಕಾದಿದೆಯೋ." ಲೋಟದಲ್ಲಿ ಉಳಿದ ನೀರನ್ನು ಚೆಲ್ಲಿ, "ಶನಿವಾರ ಆಸ್ಪತ್ರೆಗೆ ಹೋಗಿ ಒಂದು ಪರೀಕ್ಷೆನೂ ಮಾಡಿಸಿಬಿಡೋಣ," ಎಂದರು. "ಹುಳ ಸರ್ಟಿಫಿಕೇಟ್ ಕೊಟ್ಟಿದೆ, ನಿಜ. ಡಾಕ್ಟರದೂ ಒಂದು ಇರಲಿ."

ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು ಎಲೆಯಕ್ಕ ಚಿಟ್ಟೆಮನೆಯ ಹೊರಬಾಗಿಲು ದಾಟಿ ಒಳಗೆ ಬಂದಳು. ಎರಡು ಬಾಗಿಲ ನಡುವೆ ನಿಂತಳು. ಒಳಗೆ ಹೋಗುವವರು ಕನ್ನಡಿ ನೋಡಬೇಕೆಂದು ನಿಯಮವಿಲ್ಲ. ಅವಳು ನೋಡಿದಳು. ಆಮೇಲೆ ಜೇಬಿನಿಂದ ತಗಡಿನ ಡಬ್ಬಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದುಕೊಂಡು ಬಾಗಿಲು ತಳ್ಳಿದಳು. ಮೇಷ್ಟ್ರು ಹಜಾರದ ನೆಲದಿಂದ ಸತ್ತ ಚಿಟ್ಟೆಯೊಂದನ್ನು ಎತ್ತಿ, ಮಗುಚಿ, ಅದರ ಮೈಯ ಬಣ್ಣ ನೋಡುತ್ತಿದ್ದರು.

ಅವರು ತಲೆಯೆತ್ತುವ ಮುಂಚೆಯೇ ಅವಳು ಹೇಳಿದಳು:

"ಸಾರ್, ನಿನ್ನೆ ಎರಡು ಹುಳ ತಗೊಂಡು ಹೋಗಿದ್ದೆ. ಒಂದನ್ನ ತಂದಿದೀನಿ. ಇನ್ನೊಂದು ನಮ್ಮನೆ ಕಿಟಕೀಲಿದೆ, ಆಗಲೇ ಕಟ್ಟಿಕೊಂಡುಬಿಟ್ಟಿದೆ, ಕೀಳೋಕಾಗಲ್ಲ. ಅದಕ್ಕೂ ಮೊದಲು ನನ್ನ ಮೂಗಿನ ವಿಷಯ ಹೇಳ್ಬೇಕು."